ಯಾವ ಸಂಘಕ್ಕೆ ಸೇರೋದು, ಯಾವುದಕ್ಕೆ ಬೇಡ: ದಾವಣಗೆರೆಯ ಸಣ್ಣ ಉದ್ಯಮದ ಹೆಣ್ಣುಮಕ್ಕಳಿಗೆ

ಮೊನ್ನೆ ನಿಟ್ಟುವಳ್ಳಿಯ ಗೆಳತಿಯೊಬ್ಬಳು ಮೂರು ಅರ್ಜಿ ಫಾರಂ ಹಿಡಿದುಕೊಂಡು ಮನೆಗೆ ಬಂದಳು. ಒಂದು ಉಳಿತಾಯದ ಸಂಘದ್ದು. ಒಂದು ಹೆಂಗಸರ ಸೇವಾ ಕ್ಲಬ್ಬಿನದ್ದು. ಇನ್ನೊಂದು ಬೆಳಗ್ಗೆ ಏಳಕ್ಕೆಲ್ಲ ಹೋಟೆಲಿನಲ್ಲಿ ಸೇರುವ ಬಿಸಿನೆಸ್ ಗುಂಪಿನದ್ದು. ಅವಳು ಎರಡು ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ, ಆರಿ ವರ್ಕ್ ಮಾಡುತ್ತಾಳೆ. "ಯಾವುದಕ್ಕೆ ಸೇರ್ಲಿ ಹೇಳು, ಮೂರಕ್ಕೂ ಸೇರಿಬಿಡ್ಲಾ?" ಅಂದಳು.

ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಸುವವಳು. ನನ್ನ ಜೊತೆ ನಾಲ್ಕು ಜನ ಕೆಲಸ ಮಾಡುತ್ತಾರೆ. ಒಂಬತ್ತು ವರ್ಷದಲ್ಲಿ ನಾಲ್ಕು ಗುಂಪಿಗೆ ಸೇರಿದ್ದೇನೆ, ಎರಡನ್ನು ಬಿಟ್ಟಿದ್ದೇನೆ. ಬಿಟ್ಟ ಎರಡಕ್ಕೂ ಸೇರಿದ ಕಾರಣ ಒಂದೇ: ಕರೆದವರು ಬೇಕಾದವರು, ಇಲ್ಲ ಅನ್ನೋಕೆ ಆಗಲಿಲ್ಲ. ಹಾಗಾಗಿ ಗೆಳತಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೂರಕ್ಕೂ ಸೇರಬೇಡ ಅನ್ನೋದು ನಾನು ಹೇಳಿದ ಮೊದಲ ಮಾತು. ವಾರದಲ್ಲಿ ಮೂರು ದಿನ ಸಭೆಗೆ ಹೋದರೆ ಮಷಿನ್ ತುಳಿಯೋರು ಯಾರು?

ಮೊದಲು ಕೊರತೆ ಯಾವುದು ನೋಡಿ

ನಮ್ಮ ಸಣ್ಣ ವ್ಯಾಪಾರಗಳಲ್ಲಿ ಕೊರತೆ ಸಾಮಾನ್ಯವಾಗಿ ನಾಲ್ಕು ತರದ್ದು. ಕೈಯಲ್ಲಿ ದುಡ್ಡಿಲ್ಲ. ಗಿರಾಕಿ ಇಲ್ಲ. ಕೆಲಸದ ಒಂದು ವಿದ್ಯೆ ಗೊತ್ತಿಲ್ಲ, ಅದು ಪ್ಯಾಕಿಂಗ್ ಇರಬಹುದು, ಜಿಎಸ್‌ಟಿ ಇರಬಹುದು. ಇಲ್ಲವೇ ಮಾತಾಡೋಕೆ ಜನ ಇಲ್ಲ. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಆದರೆ ಮನೆಯಿಂದಲೇ ವ್ಯಾಪಾರ ಮಾಡುವ ಹೆಂಗಸಿಗೆ ಅದೇ ದೊಡ್ಡದು. ರೇಟು ಏರಿಸಲೋ ಬೇಡವೋ ಅಂತ ಕೇಳಬೇಕು ಅಂದರೆ ಗಂಡನನ್ನು ಕೇಳಬೇಕು, ಅವರು "ನಿನ್ನಿಷ್ಟ" ಅಂತಾರೆ. ಅಲ್ಲಿಗೆ ಮಾತು ಮುಗೀತು.

ಒಂದೊಂದು ತರದ ಗುಂಪು ಒಂದೊಂದು ಕೊರತೆಯನ್ನು ತುಂಬುತ್ತದೆ. ದುಡ್ಡಿನ ಕೊರತೆ ಇರುವವಳು ಕ್ಲಬ್ಬಿಗೆ ಸೇರಿದರೆ ಇರೋ ದುಡ್ಡೂ ಸೀರೆಗೆ ಹೋಗುತ್ತದೆ. ಗಿರಾಕಿ ಬೇಕಾದವಳು ಬರೀ ಉಳಿತಾಯದ ಸಂಘದಲ್ಲಿ ಕೂತರೆ, ಅಲ್ಲಿರುವ ಹದಿನೈದು ಜನರೂ ಅವಳ ಹಾಗೇ ಹಪ್ಪಳ ಮಾಡುವವರು!

ಉಳಿತಾಯದ ಸಂಘ

ಇದರಲ್ಲಿ ಮೂರು ಕವಲು. ಸರ್ಕಾರದ ಸ್ತ್ರೀಶಕ್ತಿ ಸಂಘಗಳು 2000-01ರಲ್ಲಿ ಶುರುವಾದವು. ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹಳ್ಳಿಹಳ್ಳಿಗೂ ಹೋದವು. ಆಮೇಲೆ ಬಂದಿದ್ದು ಸಂಜೀವಿನಿ, ಅಂದರೆ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ನಮ್ಮ ರಾಜ್ಯದ ರೂಪ. ಇದರಲ್ಲಿ ಸಂಘಗಳ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ ಇರುತ್ತದೆ. ಮೂರನೆಯದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು. 1982ರಲ್ಲಿ ಬೆಳ್ತಂಗಡಿ ಕಡೆ ಹುಟ್ಟಿ ನಮ್ಮ ಜಿಲ್ಲೆಗೂ ಬಂದಿವೆ.

ಲೆಕ್ಕ ಸರಳ. ಹತ್ತರಿಂದ ಇಪ್ಪತ್ತು ಜನ. ವಾರಕ್ಕೆ ಇಂತಿಷ್ಟು ಉಳಿತಾಯ. ಆ ದುಡ್ಡಲ್ಲೇ ಒಳಗೊಳಗೆ ಸಾಲ. ಸಂಜೀವಿನಿಯವರು ಇದಕ್ಕೆ ಪಂಚಸೂತ್ರ ಅನ್ನುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗಿನ ಸಾಲ, ಹೊತ್ತಿಗೆ ಸರಿಯಾಗಿ ವಾಪಸಾತಿ, ಸರಿಯಾದ ಪುಸ್ತಕ. ಆರು ತಿಂಗಳು ಹೀಗೆ ನಡೆದರೆ ಬ್ಯಾಂಕ್ ಸಾಲಕ್ಕೆ ಅರ್ಹತೆ ಬರುತ್ತದೆ. ಮೊದಲ ಸಾಲ ಸಂಘದ ಒಟ್ಟು ನಿಧಿಯ ಆರು ಪಟ್ಟು, ಇಲ್ಲವೇ ಕನಿಷ್ಠ 1.5 ಲಕ್ಷ, ಯಾವುದು ಜಾಸ್ತಿಯೋ ಅದು. ಸಂಘಕ್ಕೆ 10 ಲಕ್ಷದವರೆಗೆ ಬ್ಯಾಂಕು ಅಡಮಾನ ಕೇಳುವ ಹಾಗಿಲ್ಲ. ಒಂಟಿಯಾಗಿ ಬ್ಯಾಂಕಿಗೆ ಹೋಗಿ "ಮನೆ ಯಾರ ಹೆಸರಲ್ಲಿದೆ?" ಅನ್ನಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಸಾಲಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಅದು ಆ ಪುಸ್ತಕ. ನಮ್ಮ ಸಂಘದಲ್ಲಿ ತಿಂಗಳಿಗೊಬ್ಬರು ಸರದಿಯಲ್ಲಿ ಲೆಕ್ಕ ಬರೆಯಬೇಕು. ನನಗೆ ಮೊದಲ ಸಲ ಬಂದಾಗ 340 ರೂಪಾಯಿ ತಾಳೆಯಾಗಲಿಲ್ಲ. ರಾತ್ರಿ ಹನ್ನೊಂದರವರೆಗೂ ಕೂತು ಹುಡುಕಿದೆ. ಒಬ್ಬಾಕೆಯ ಬಡ್ಡಿಯನ್ನು ಅಸಲಿನ ಕಾಲಂನಲ್ಲಿ ಬರೆದಿದ್ದೆ. ಮಾರನೆ ದಿನ ನನ್ನ ರೊಟ್ಟಿ ವ್ಯಾಪಾರಕ್ಕೂ ಒಂದು ನೋಟ್‌ಬುಕ್ ತಂದೆ. ಅಲ್ಲಿವರೆಗೆ ಗಲ್ಲಾಪೆಟ್ಟಿಗೆಯಲ್ಲಿ ಏನಿದೆಯೋ ಅದೇ ಲಾಭ ಅಂದುಕೊಂಡಿದ್ದೆ. ಗ್ಯಾಸು, ಆಟೋ, ಒಡೆದ ರೊಟ್ಟಿ, ಯಾವುದೂ ಲೆಕ್ಕದಲ್ಲೇ ಇರಲಿಲ್ಲ. ಬರೆದು ನೋಡಿದರೆ ಒಂದು ಹೋಟೆಲಿಗೆ ನಾನು ನಷ್ಟದಲ್ಲೇ ರೊಟ್ಟಿ ಕೊಡುತ್ತಿದ್ದೆ.

ಕಷ್ಟವೂ ಇದೆ. ಒಬ್ಬರು ಕಟ್ಟದಿದ್ದರೆ ಎಲ್ಲರ ಮುಖ ಸಣ್ಣದಾಗುತ್ತದೆ. ಓಣಿಯ ಜಗಳ ಸಭೆಗೆ ಬರುತ್ತದೆ, ಸಭೆಯ ಜಗಳ ಓಣಿಗೆ ಹೋಗುತ್ತದೆ. ಸಾಲದ ಮೊತ್ತ ಎಲ್ಲರಿಗೂ ಹಂಚಿ ಹೋಗೋದರಿಂದ ದೊಡ್ಡ ಮಷಿನ್ ತರೋಕೆ ಇದು ಸಾಲದು. ಆಗ ಬೇರೆ ದಾರಿ ನೋಡಬೇಕು. ಒಬ್ಬೊಬ್ಬರೇ ಮುದ್ರಾ ಸಾಲಕ್ಕೆ ಅರ್ಜಿ ಹಾಕಬಹುದು, ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ.

ಒಂದು ಎಚ್ಚರ. "ಸಂಘ" ಅಂತ ಹೆಸರಿಟ್ಟುಕೊಂಡು ಬರುವ ಎಲ್ಲವೂ ಸಂಘ ಅಲ್ಲ. ಮೈಕ್ರೋಫೈನಾನ್ಸಿನವರು ಐದಾರು ಹೆಂಗಸರನ್ನು ಒಟ್ಟಿಗೆ ಕೂರಿಸಿ ಸಾಲ ಕೊಡುತ್ತಾರೆ. ಅಲ್ಲಿ ನಿಮ್ಮದೇ ಉಳಿತಾಯ ಇಲ್ಲ, ನಿಮ್ಮ ಕೈಯಲ್ಲಿ ಪುಸ್ತಕ ಇಲ್ಲ. ಇರುವುದು ಒಬ್ಬರಿಗೊಬ್ಬರ ಜಾಮೀನು ಮಾತ್ರ. ವಸೂಲಿ ಕಿರುಕುಳ ಎಷ್ಟು ಹೆಚ್ಚಾಯಿತು ಅಂದರೆ ಅದನ್ನು ತಡೆಯೋಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕರೆಯಲು ಬಂದವರನ್ನು ಕೇಳಿ: "ಉಳಿತಾಯ ಯಾರ ಖಾತೆಗೆ ಹೋಗುತ್ತೆ? ಪುಸ್ತಕ ಯಾರ ಮನೇಲಿ ಇರುತ್ತೆ?" ಉತ್ತರ ತಡವರಿಸಿದರೆ ಚಹಾ ಕೊಟ್ಟು ಕಳಿಸಿ.

ಸೇವಾ ಕ್ಲಬ್

ರೋಟರಿ, ಲಯನ್ಸ್, ಇನ್ನರ್ ವೀಲ್ ಇವೆಲ್ಲ ಈ ಸಾಲಿನವು. ಇನ್ನರ್ ವೀಲ್ ಹುಟ್ಟಿದ್ದು 1924ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ರೋಟರಿ ಸದಸ್ಯರ ಹೆಂಡತಿಯರು ಕಟ್ಟಿದ್ದು. ಮುಂದೆ ನಿಂತವರು ಮಾರ್ಗರೆಟ್ ಗೋಲ್ಡಿಂಗ್. ಬಟ್ಟೆ ಗಿರಣಿಗಳ ಕಾಲದಲ್ಲಿ ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಹಾಗಾಗಿ ಈ ಕ್ಲಬ್ಬಿನ ಮೇಲೆ ನನಗೆ ಸುಮ್ನೆ ಒಂದು ಮಮತೆ. ರೋಟರಿ 1905ರಲ್ಲಿ ಶಿಕಾಗೋದಲ್ಲಿ ಶುರುವಾಗಿದ್ದರೂ ಹೆಂಗಸರನ್ನು ಸದಸ್ಯರಾಗಿ ಎಲ್ಲ ಕಡೆ ಸೇರಿಸಿಕೊಂಡಿದ್ದು 1989ರಲ್ಲಿ. ಲಯನ್ಸ್ 1987ರಲ್ಲಿ ಬಾಗಿಲು ತೆರೆಯಿತು. ಅಂದರೆ ಇಲ್ಲಿ ನಾವು ಸ್ವಲ್ಪ ತಡವಾಗಿ ಬಂದ ನೆಂಟರು.

ಕ್ಲಬ್ಬಿನಲ್ಲಿ ಸಿಗೋದು ಪರಿಚಯ. ಡಾಕ್ಟರ ಹೆಂಡತಿ, ಕಾಲೇಜಿನ ಪ್ರಿನ್ಸಿಪಾಲರು, ಮಂಡಿಪೇಟೆಯ ಅಂಗಡಿಯವರು, ಬ್ಯಾಂಕಿನ ಮ್ಯಾನೇಜರ್ ಎಲ್ಲ ಒಂದೇ ಕಡೆ ಸಿಗುತ್ತಾರೆ. ಮದುವೆ ಮನೆಯ ಆರ್ಡರು ಬರೋದು ಇಂಥ ಪರಿಚಯದಿಂದಲೇ. ಆದರೆ ಕ್ಲಬ್ಬಿನ ಕೆಲಸ ಸೇವೆ. ಸಭೆಯಲ್ಲಿ ಚೀಟಿ ಹಂಚಿ ವ್ಯಾಪಾರ ಮಾಡಿದರೆ ಮುಖ ಮುರಿಯುತ್ತಾರೆ, ಅದು ಸರಿಯೂ ಹೌದು. ಮೊದಲ ವರ್ಷ ಕೆಲಸ ಮಾಡಿ. ರಕ್ತದಾನ ಶಿಬಿರದಲ್ಲಿ ಹೆಸರು ಬರೆಯೋಕೆ ಕೂರಿ, ಕುರ್ಚಿ ಎತ್ತಿಡಿ. ಎರಡನೇ ವರ್ಷ ತಾನಾಗಿ ಯಾರೋ ಕೇಳುತ್ತಾರೆ, "ನೀವೇನೋ ರೊಟ್ಟಿ ಮಾಡಿಸ್ತೀರಂತಲ್ಲ?" ಅಂತ. ಅಷ್ಟು ತಾಳ್ಮೆ ಇಲ್ಲದವರು ಹೋಗಬಾರದು.

ಖರ್ಚು ಬರೀ ವರ್ಷದ ಫೀಜಲ್ಲ. ಪದಗ್ರಹಣ ಅಂತ ಒಂದು ದಿನ, ಒಂದೇ ಬಣ್ಣದ ಸೀರೆ ಅಂತ ಒಂದು ದಿನ, ಊಟದ ಪಾಲು, ಬೇರೆ ಊರಿನ ಸಮಾವೇಶ. ಸೇರೋ ಮುಂಚೆ ಹಳೆ ಸದಸ್ಯೆಯೊಬ್ಬರನ್ನು ಪಕ್ಕಕ್ಕೆ ಕರೆದು ಕಳೆದ ವರ್ಷ ಒಟ್ಟು ಎಷ್ಟು ಕೈಬಿಟ್ಟಿತು ಅಂತ ಕೇಳಿ. ಅಧ್ಯಕ್ಷೆಯನ್ನು ಕೇಳಬೇಡಿ, ಅವರಿಗೆ ಫೀಜು ಮಾತ್ರ ನೆನಪಿರುತ್ತದೆ.

ಗಿರಾಕಿ ಕಳಿಸುವ ಗುಂಪು

ಬಿಎನ್‌ಐ, ಅಂದರೆ ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್, ಇದರ ಹೆಸರಾಂತ ಮಾದರಿ. ಇವಾನ್ ಮೈಸ್ನರ್ ಅನ್ನುವವರು 1985ರಲ್ಲಿ ಅಮೆರಿಕದಲ್ಲಿ ಶುರುಮಾಡಿದ್ದು. ನಿಯಮ ಎರಡು. ಒಂದು ಗುಂಪಿನಲ್ಲಿ ಒಂದು ಕಸುಬಿಗೆ ಒಬ್ಬರೇ. ವಾರವಾರ ಬರಬೇಕು, ಬಂದು ಒಬ್ಬರಿಗೊಬ್ಬರು ಗಿರಾಕಿ ಕಳಿಸಬೇಕು. ಅದನ್ನೇ ನೋಡಿ ಕಟ್ಟಿಕೊಂಡ ಬೇರೆ ಗುಂಪುಗಳೂ ಊರೂರಿನಲ್ಲಿ ಇವೆ.

ನಾನು ಸೇರಿದ್ದು ಅಂಥದ್ದೇ ಒಂದಕ್ಕೆ. ಹೆಸರು ಬೇಡ. ವರ್ಷದ ಫೀಜು ಒಟ್ಟಿಗೇ ಕಟ್ಟಿಸಿಕೊಂಡರು. ಬೆಳಗ್ಗೆ ಏಳಕ್ಕೆ ಸಭೆ. ನಮ್ಮ ಓಣಿಗೆ ನೀರು ಬಿಡೋದು ಆರೂವರೆಗೆ, ಮಗನ ಡಬ್ಬಿ ಏಳೂಕಾಲಿಗೆ, ರೊಟ್ಟಿಗೆ ಹಿಟ್ಟು ನಾದೋಕೆ ನಮ್ಮವರು ಬರೋದು ಏಳೂವರೆಗೆ. ಮೂರು ತಿಂಗಳಲ್ಲಿ ಐದು ಸಭೆ ತಪ್ಪಿಸಿದೆ. ಗುಂಪಿನಲ್ಲಿ ಇದ್ದವರು ಹೆಚ್ಚಿನವರು ಇನ್ಶೂರೆನ್ಸ್, ಇಂಟೀರಿಯರ್, ಸೋಲಾರ್ ವಾಟರ್ ಹೀಟರ್. ಅವರ ಗಿರಾಕಿ ನನಗೆ ಬರಲಿಲ್ಲ, ನನ್ನ ಗಿರಾಕಿಗೆ ಅವರು ಬೇಡ. ಕೊನೆಗೆ ನನಗೆ ಬಂದ ಆರ್ಡರು ಒಂದೇ: ಅವರದೇ ಸಭೆಯ ತಿಂಡಿಗೆ ಚಟ್ನಿಪುಡಿ. ಅದರ ದುಡ್ಡೂ ಎರಡು ತಿಂಗಳು ಓಡಾಡಿಸಿ ಕೊಟ್ಟರು.

ಹಾಗಂತ ಈ ಮಾದರಿಯೇ ಕೆಟ್ಟದ್ದು ಅನ್ನಲಾರೆ. ನನ್ನ ಪರಿಚಯದ ಒಬ್ಬಾಕೆ ಮದುವೆ ಮೇಕಪ್ ಮಾಡುತ್ತಾಳೆ. ಇಂಥ ಗುಂಪಿನಲ್ಲಿ ಫೋಟೋದವರು, ಹೂವಿನ ಅಲಂಕಾರದವರು, ಕಲ್ಯಾಣ ಮಂಟಪದವರು ಇದ್ದರು. ಒಬ್ಬರ ಗಿರಾಕಿ ಎಲ್ಲರ ಗಿರಾಕಿ. ಅವಳು ಫೀಜಿನ ದುಡ್ಡನ್ನು ಎರಡೇ ಮದುವೆಯಲ್ಲಿ ಎತ್ತಿದಳು. ಅಂದರೆ ನೋಡಬೇಕಾದ್ದು ಇಷ್ಟೇ: ಆ ಕೋಣೆಯಲ್ಲಿ ಕೂತವರ ಗಿರಾಕಿ ನಿಮ್ಮ ಗಿರಾಕಿಯೂ ಆಗಬಲ್ಲನೇ? ಒಂದು ಸಾಮಾನಿನ ಬೆಲೆ ದೊಡ್ಡದಿರುವ ಕಸುಬಿಗೆ ಈ ಗುಂಪು ಹೊಂದುತ್ತದೆ. ಹತ್ತು ರೂಪಾಯಿ ರೊಟ್ಟಿಗೆ ಹೊಂದೋದಿಲ್ಲ. ಅತಿಥಿಯಾಗಿ ಒಂದೆರಡು ಸಭೆಗೆ ಬಿಡುತ್ತಾರೆ, ಕೂತು ಎಣಿಸಿ.

ದುಡ್ಡು ಓಡಾಡಿಸುವ ಮಾತು ಬಂತಲ್ಲ, ಒಂದು ವಿಷಯ ತಿಳಿದಿರಲಿ. ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಇರುವ ತಯಾರಕರಿಗೆ, ಸೇವೆ ಕೊಡುವವರಿಗೆ ಕಾನೂನಿನ ಬಲ ಇದೆ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಕೊಂಡವರು ದುಡ್ಡು ಕೊಡಬೇಕು. ಇಲ್ಲದಿದ್ದರೆ ಬಡ್ಡಿ ಸೇರುತ್ತದೆ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸಾವಿರ ಕೊಡಿ, ಎರಡು ಸಾವಿರ ಕೊಡಿ ಅನ್ನುವ ಏಜೆಂಟರ ಮಾತಿಗೆ ಬೀಳಬೇಡಿ.

ಉದ್ಯಮಿಗಳ ಸಂಸ್ಥೆ, ತರಬೇತಿಯ ಬ್ಯಾಚ್

ಬೆಂಗಳೂರಿನ ಅವೇಕ್ 1983ರಿಂದ ಇದೆ. ಹೆಂಗಸರೇ ಹೆಂಗಸರಿಗಾಗಿ ಕಟ್ಟಿದ ಉದ್ಯಮಿಗಳ ಸಂಸ್ಥೆ. ಸಣ್ಣ ಕೈಗಾರಿಕೆಯವರ ಕಾಸಿಯಾ 1949ರದ್ದು. ರಾಜ್ಯದ ವ್ಯಾಪಾರ, ಕೈಗಾರಿಕೆಯವರ ಒಕ್ಕೂಟವಾದ ಎಫ್‌ಕೆಸಿಸಿಐನ ಬೇರು 1916ರ ಮೈಸೂರು ಚೇಂಬರಿನಲ್ಲಿದೆ, ಅದರ ಹಿಂದೆ ಇದ್ದವರು ವಿಶ್ವೇಶ್ವರಯ್ಯ. ಇವು ಸರ್ಕಾರದ ಜೊತೆ ಮಾತಾಡುವ, ನೀತಿ ನಿಯಮ ತಿಳಿಸುವ ಸಂಸ್ಥೆಗಳು. ಕೇಂದ್ರ ಸರ್ಕಾರದ ಇಲಾಖೆಗಳು, ಕಂಪನಿಗಳು ತಮ್ಮ ಖರೀದಿಯ ನೂರಕ್ಕೆ 25 ಭಾಗ ಸಣ್ಣ ಉದ್ಯಮದಿಂದ ತಗೋಬೇಕು, ಅದರಲ್ಲಿ ಹೆಂಗಸರ ಉದ್ಯಮದಿಂದ ನೂರಕ್ಕೆ 3 ಇರಬೇಕು ಅನ್ನೋ ಸಂಗತಿ ನನಗೆ ಗೊತ್ತಾಗಿದ್ದು ಇಂಥದ್ದೊಂದು ಸಭೆಯಲ್ಲೇ. ಆದರೆ ಮನೆಯ ಅಡುಗೆಕೋಣೆಯಿಂದ ವ್ಯಾಪಾರ ಮಾಡುವಾಗ ಇದು ದೂರದ ಮಾತು. ಶೆಡ್ಡು ಹಾಕಿ, ಕರೆಂಟ್ ಮೀಟರ್ ಬೇರೆ ತಗೊಂಡ ಮೇಲೆ ಯೋಚಿಸಿ. ಅಲ್ಲಿವರೆಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ವರ್ಷಕ್ಕೆರಡು ಸಲ ಹೋಗಿ ಹೊಸದೇನಿದೆ ಕೇಳಿಕೊಂಡು ಬಂದರೆ ಸಾಕು.

ಯಾರೂ ಲೆಕ್ಕಕ್ಕೆ ಹಿಡಿಯದ ಗುಂಪೊಂದಿದೆ, ತರಬೇತಿಯಲ್ಲಿ ಜೊತೆಗೆ ಕೂತವರದ್ದು. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಂತ ಉದ್ಯೋಗದ ತರಬೇತಿ ಸಂಸ್ಥೆ ರುಡ್‌ಸೆಟ್ ಚಿತ್ರದುರ್ಗದಲ್ಲೂ ಇದೆ. ಅದೇ ಮಾದರಿಯ ಬ್ಯಾಂಕ್ ತರಬೇತಿ ಕೇಂದ್ರಗಳು ಈಗ ಜಿಲ್ಲೆಗೊಂದು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ಆಹಾರ ತಯಾರಿಕೆಯ ತರಬೇತಿ ನಡೆಯುತ್ತದೆ. ಹತ್ತು ದಿನ ಒಟ್ಟಿಗೆ ಉಂಡು ಮಲಗಿದ ಹೆಂಗಸರ ನಡುವೆ ಬರುವ ಸಲಿಗೆ ಕ್ಲಬ್ಬಿನಲ್ಲಿ ಐದು ವರ್ಷವಾದರೂ ಬರೋದಿಲ್ಲ. ನನಗೆ ಚಳ್ಳಕೆರೆಯ ಒಳ್ಳೆ ಶೇಂಗಾ ಕಳಿಸುವವಳು ಇಂಥ ಬ್ಯಾಚಿನ ಗೆಳತಿ. ಎಣ್ಣೆ ಗಿರಣಿಗಳ ಊರಿನವಳು, ಕಾಯಿ ಕೈಯಲ್ಲಿ ಹಿಡಿದರೇ ಜಳ್ಳೋ ಗಟ್ಟಿಯೋ ಹೇಳುತ್ತಾಳೆ.

ವಾಟ್ಸಾಪ್ ಗುಂಪಿನ ಬಗ್ಗೆ ಎರಡೇ ಮಾತು. ಗುಡ್ ಮಾರ್ನಿಂಗ್ ಹೂವು ಬರುವ ಗುಂಪು ಮ್ಯೂಟ್ ಮಾಡಿ. "ನಾಳೆಗೆ 200 ರೊಟ್ಟಿ ಬೇಕು, ಯಾರ ಹತ್ತಿರ ಇದೆ?" ಅಂತ ಬರುವ ಗುಂಪು ಸಿಕ್ಕರೆ ಬಿಡಬೇಡಿ.

ಸಮಾಜಕ್ಕೆ ಏನು ಕೊಡೋದು

ಈ ಗುಂಪುಗಳಲ್ಲಿ ಎಲ್ಲಿಗೇ ಹೋಗಿ, ಒಂದಲ್ಲ ಒಂದು ದಿನ "ಸಾಮಾಜಿಕ ಜವಾಬ್ದಾರಿ" ಅನ್ನೋ ಮಾತು ಬರುತ್ತದೆ. ನಮ್ಮಂಥವರು ಗಾಬರಿಯಾಗುತ್ತೇವೆ. ಕಾನೂನಿನ ಸಿಎಸ್‌ಆರ್ ನಮಗೆ ತಗಲುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಲಾಭದ ನೂರಕ್ಕೆ 2 ಭಾಗ ಖರ್ಚು ಮಾಡಬೇಕು. ರೊಟ್ಟಿಯಲ್ಲಿ 5 ಕೋಟಿ ಲಾಭ ಬಂದ ದಿನ ನಾನೇ ಫೋನು ಮಾಡಿ ಹೇಳುತ್ತೇನೆ.

ಕಾನೂನು ಇಲ್ಲದಿದ್ದರೂ ಮನಸ್ಸು ಇರುತ್ತದಲ್ಲ. ಅಲ್ಲಿ ಆಯ್ಕೆಗಳಿವೆ, ಅವುಗಳನ್ನೂ ತೂಗಿ ನೋಡಬೇಕು.

ಎಲ್ಲರೂ ಮೊದಲು ಮಾಡೋದು ಹಂಚೋದು. ನೋಟ್‌ಬುಕ್, ಹಣ್ಣು, ಕಂಬಳಿ. ನಾನೂ ಮಾಡಿದ್ದೇನೆ. ಒಂದು ಶಾಲೆಗೆ ನಾವು ಹನ್ನೆರಡು ಜನ ಹೋಗಿ ಪುಸ್ತಕ ಹಂಚಿದೆವು. ಮಕ್ಕಳನ್ನು ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದ್ದೆವು, ಫೋಟೋದವನು ಬರೋದು ತಡವಾಯಿತು ಅಂತ. ಅದೇ ವಾರ ಬೇರೆ ಎರಡು ಕಡೆಯವರೂ ಅಲ್ಲಿಗೇ ಪುಸ್ತಕ ಕೊಟ್ಟಿದ್ದರಂತೆ. ಒಬ್ಬ ಹುಡುಗ ಮೆಲ್ಲಗೆ ನನ್ನನ್ನು ಕೇಳಿದ, "ಅಕ್ಕಾ, ಪೆನ್ನು ಇಲ್ವಾ?" ಬ್ಯಾನರಿಗೆ ಕೊಟ್ಟ ದುಡ್ಡಲ್ಲಿ ಇಡೀ ಶಾಲೆಗೆ ಪೆನ್ನು ಬರುತ್ತಿತ್ತು. ಹಂಚೋದೇ ಆದರೆ ಮೊದಲು ಮೇಷ್ಟ್ರಿಗೆ ಫೋನು ಮಾಡಿ ಏನು ಬೇಕು ಕೇಳಿ. ಟ್ರಸ್ಟಿಗೆ ದುಡ್ಡು ಕೊಟ್ಟರೆ ರಸೀದಿ ತಗೊಳ್ಳಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ದಾನದ ಮೇಲಿನ ತೆರಿಗೆ ರಿಯಾಯಿತಿ ಸಿಗೋದಿಲ್ಲ.

ಅದಕ್ಕಿಂತ ನನಗೆ ಹತ್ತಿರ ಅನ್ನಿಸೋದು ನಮ್ಮದೇ ಹಿಟ್ಟಿನ ಪರಾತದ ಸುತ್ತ ಕೂತ ನಾಲ್ಕು ಜನ. ಲೆಕ್ಕ ಹೇಳುತ್ತೇನೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಜೀವನ ಜ್ಯೋತಿ ಬಿಮಾ ವರ್ಷಕ್ಕೆ 436 ರೂಪಾಯಿ, ಸಾವು ಬಂದರೆ ಮನೆಯವರಿಗೆ 2 ಲಕ್ಷ. ಜೀವನ ಜ್ಯೋತಿಗೆ ಸೇರೋಕೆ ವಯಸ್ಸು 18ರಿಂದ 50. ನಾಲ್ಕು ಜನಕ್ಕೆ ಎರಡೂ ಸೇರಿ 1,824 ರೂಪಾಯಿ. ಆ ಬ್ಯಾನರಿನ ಖರ್ಚೂ ಸುಮಾರು ಅಷ್ಟೇ! ದುಡ್ಡು ಅವರವರ ಖಾತೆಯಿಂದಲೇ ಕಟ್ ಆಗುತ್ತದೆ. ವಿಮೆಯ ವರ್ಷ ಜೂನ್ 1ಕ್ಕೆ ಶುರು. ಹಾಗಾಗಿ ನಾನು ಮೇ ಮಧ್ಯದಲ್ಲಿ ಅವರ ಖಾತೆಗೆ ಹಾಕಿಬಿಡುತ್ತೇನೆ. ಮೊದಲ ವರ್ಷ ಜೂನಿನಲ್ಲಿ ಹಾಕೋಣ ಅಂತ ಕೂತಿದ್ದೆ, ಇಬ್ಬರ ಖಾತೆಯಲ್ಲಿ ದುಡ್ಡಿಲ್ಲದೆ ನವೀಕರಣ ತಪ್ಪಿತು. ಇ-ಶ್ರಮ್ ನೋಂದಣಿಯನ್ನೂ ಮಾಡಿಸಿ, 16ರಿಂದ 59 ವಯಸ್ಸಿನ ಅಸಂಘಟಿತ ಕೆಲಸಗಾರರಿಗೆ ಅದು ಉಚಿತ.

ಇನ್ನೊಂದು, ನಮಗೆ ಸಂಬಂಧವಿಲ್ಲ ಅಂದುಕೊಳ್ಳುವ ವಿಷಯ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಬೇಕಿಲ್ಲ, ನಿಜ. ಆದರೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ, ದೂರು ಅಲ್ಲಿಗೆ ಹೋಗಬಹುದು. ರೊಟ್ಟಿ ತಲುಪಿಸೋಕೆ ಹೋಟೆಲಿನ ಹಿಂಬಾಗಿಲಿಗೆ ಹೋಗುವ ಹುಡುಗಿಗೆ ಇದನ್ನು ಹೇಳಿರಬೇಕಾದವರು ನಾವೇ.

ಎಣ್ಣೆ, ಪ್ಲಾಸ್ಟಿಕ್, ಹೊಗೆ ಇವು ಮೂರನೆಯ ದಾರಿ. ಮಿರ್ಚಿ ಮಂಡಕ್ಕಿಯ ಊರು ನಮ್ಮದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸೋದು ಎಲ್ಲೆಲ್ಲೂ ಇದೆ. 2018ರ ಜುಲೈಯಿಂದ ನಿಯಮ ಇದೆ, ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಒಟ್ಟು ಪೋಲಾರ್ ಅಂಶ, ನೂರಕ್ಕೆ 25 ದಾಟಿದರೆ ಬಳಸಬಾರದು. ಅಳೆಯುವ ಯಂತ್ರ ನಮ್ಮ ಹತ್ತಿರ ಇಲ್ಲ. ಎಣ್ಣೆ ಕಪ್ಪಾಗಿ, ನೊರೆ ಬಂದು, ಬೇಗ ಹೊಗೆ ಏಳೋಕೆ ಶುರುವಾದರೆ ಅದು ಸತ್ತ ಎಣ್ಣೆ. ಹಳೆ ಎಣ್ಣೆಯನ್ನು ಕಡಿಮೆ ರೇಟಿಗೆ ತಳ್ಳುಗಾಡಿಯವರಿಗೆ ಮಾರೋರನ್ನು ನೋಡಿದ್ದೇನೆ. ಮಾರಿ ಬಂದ ದುಡ್ಡಲ್ಲಿ ಅನ್ನದಾನಕ್ಕೆ ಕೊಡೋರನ್ನೂ ನೋಡಿದ್ದೇನೆ! ಬಯೋಡೀಸೆಲ್ಲಿಗೆ ಹಳೆ ಎಣ್ಣೆ ಕೊಳ್ಳುವವರು ಇದ್ದಾರೆ. ಆದರೆ ಒಬ್ಬೊಬ್ಬರ ಎರಡು ಲೀಟರಿಗೆ ಅವರು ಬರೋದಿಲ್ಲ. ಹತ್ತು ಅಂಗಡಿಯವರು ಸೇರಿ ಒಂದು ಕ್ಯಾನು ತುಂಬಿಸಬೇಕು. ಗುಂಪು ಅಂತ ಇರೋದು ಇಂಥ ಕೆಲಸಕ್ಕೆ ಅಲ್ವಾ?

ನಾಲ್ಕನೆಯದು ಕಲಿಸೋದು. ಆರಿ ವರ್ಕಿನ ಗೆಳತಿ ಈಗ ರಜೆಯಲ್ಲಿ ಓಣಿಯ ಇಬ್ಬರು ಹುಡುಗಿಯರಿಗೆ ಕಲಿಸುತ್ತಾಳೆ. ಅವಳ ಅತ್ತೆಗೆ ಸಿಟ್ಟು, "ನಾಳೆ ನಿನ್ನ ಗಿರಾಕೀನೇ ಕಿತ್ಕೊಂಡ್ರೆ?" ಅಂತ. ಕಿತ್ತುಕೊಂಡರೂ ಕೊಳ್ಳಬಹುದು. ಆದರೆ ಮದುವೆ ಸೀಜನ್ನಿನಲ್ಲಿ ಅವಳು ವಾಪಸ್ ಕಳಿಸುತ್ತಿದ್ದ ಬ್ಲೌಸುಗಳು ಈ ಸಲ ವಾಪಸ್ ಹೋಗಲಿಲ್ಲ.

ನಮ್ಮ ಕಡೆ ಕಾಯಕ, ದಾಸೋಹ ಅನ್ನೋ ಮಾತು ಭಾಷಣದಲ್ಲಿ ಸವೆದುಹೋಗಿದೆ. ಆದರೂ ಆಯ್ದಕ್ಕಿ ಲಕ್ಕಮ್ಮನ ಕತೆ ನನಗೆ ಆಗಾಗ ನೆನಪಾಗುತ್ತದೆ. ಗಂಡ ಅವತ್ತಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿಗೆ ಇದ್ದದ್ದನ್ನು ಅಲ್ಲೇ ಸುರಿದು ಬಾ ಅಂದವಳು ಅವಳು. ಆ ಮಟ್ಟಕ್ಕೆ ನಾನಿಲ್ಲ. ಚಳ್ಳಕೆರೆಯ ಗೆಳತಿ ರೇಟು ಏರಿಸಿದಾಗ ಚೌಕಾಸಿ ಮಾಡುತ್ತೇನೆ. ಆದರೆ ಅವಳ ಬಾಕಿಯನ್ನು ಹದಿನೈದು ದಿನ ದಾಟಿಸೋದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಈಗಷ್ಟೇ ಶುರುಮಾಡಿದವರು, ಬಂಡವಾಳ ಇಪ್ಪತ್ತು ಮೂವತ್ತು ಸಾವಿರದ ಒಳಗಿದ್ದವರು: ಉಳಿತಾಯದ ಸಂಘ, ಜೊತೆಗೊಂದು ಉಚಿತ ತರಬೇತಿ. ಬೇರೇನೂ ಬೇಡ. ಎರಡು ವರ್ಷ ಹೀಗೇ ಇರಿ.

ಬ್ಯೂಟಿ ಪಾರ್ಲರ್, ಬೊಟಿಕ್, ಕೇಟರಿಂಗ್, ಕೇಕ್ ಮಾಡುವವರು: ಗಿರಾಕಿ ಕಳಿಸುವ ಗುಂಪನ್ನು ಅತಿಥಿಯಾಗಿ ಹೋಗಿ ನೋಡಿ. ಮದುವೆ ಕಸುಬಿನವರು ನಾಲ್ಕು ಜನ ಇದ್ದರೆ ಸೇರಿ. ಇಲ್ಲದಿದ್ದರೆ ನೀವೇ ನಾಲ್ಕು ಜನ ಹುಡುಕಿ ತಿಂಗಳಿಗೊಮ್ಮೆ ಗಾಜಿನ ಮನೆಯ ಹತ್ತಿರ ಸೇರಿ. ಫೀಜು ಇಲ್ಲ, ಕುಂದುವಾಡ ಕೆರೆಯ ಗಾಳಿ ಬೇರೆ ಉಚಿತ.

ಐದಾರು ವರ್ಷ ನಡೆಸಿ ಕೈಕಾಲು ಗಟ್ಟಿಯಾದವರು, ಮಕ್ಕಳು ದೊಡ್ಡವರಾದವರು: ಕ್ಲಬ್. ಆಗ ಕೊಡೋಕೆ ಹೊತ್ತೂ ಇರುತ್ತದೆ, ಮನಸ್ಸೂ ಇರುತ್ತದೆ. ಪರಿಚಯ ತಾನಾಗಿ ಬರುತ್ತದೆ.

ಹಳ್ಳಿಯವರು, ಅಂದರೆ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರು ನಗರದ ಗುಂಪಿಗೆ ಬಸ್ಸು ಹತ್ತಿ ಬರೋ ಬದಲು ಪಂಚಾಯಿತಿ ಮಟ್ಟದ ಒಕ್ಕೂಟ ಹಿಡಿಯಿರಿ. ಮಾರಾಟ ಮೇಳಗಳಿಗೆ ಮಳಿಗೆಯ ಕರೆ ಬರೋದು ಸಾಮಾನ್ಯವಾಗಿ ಆ ದಾರಿಯಿಂದಲೇ. ಸಿರಿಗೆರೆಯ ಮಠದವರು ನಡೆಸುವ ತರಳಬಾಳು ಹುಣ್ಣಿಮೆ, ದುಗ್ಗಮ್ಮನ ಜಾತ್ರೆಯಂಥ ಕಡೆ ಇಬ್ಬರು ಮೂವರು ಸೇರಿ ಮಳಿಗೆ ಹಾಕಿದರೆ ಬಾಡಿಗೆ ಹಗುರ, ಒಬ್ಬರು ಊಟಕ್ಕೆ ಎದ್ದರೂ ಅಂಗಡಿ ಮುಚ್ಚೋದಿಲ್ಲ. ಒಂದು ಜಾತ್ರೆಯಲ್ಲಿ ನಾನು ಒಬ್ಬಳೇ ಕೂತು ಮೂತ್ರಕ್ಕೂ ಏಳಲಾಗದೆ ಪಟ್ಟ ಪಾಡು ಹೇಳಬಾರದು.

ಬಿಡೋದು ಹೇಗೆ ಅನ್ನೋದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಯಾರೂ ಹೇಳಿಕೊಡೋದಿಲ್ಲ. ಸೇರಿದ ದಿನವೇ ಕ್ಯಾಲೆಂಡರಿನಲ್ಲಿ ಆರು ತಿಂಗಳ ಮುಂದಿನ ಒಂದು ದಿನಕ್ಕೆ ಗುರುತು ಹಾಕಿ. ಆ ದಿನ ನೋಡಿ: ಈ ಗುಂಪಿನಿಂದ ಬಂದ ವ್ಯಾಪಾರ ಎಷ್ಟು, ಕಲಿತದ್ದೇನು, ನಾನು ಸಭೆ ತಪ್ಪಿಸಿದಾಗ ಯಾರಾದರೂ "ಯಾಕೆ ಬರ್ಲಿಲ್ಲ, ಹುಷಾರಿದ್ದೀಯಾ?" ಅಂತ ಫೋನು ಮಾಡಿದ್ದರಾ. ಮೂರಕ್ಕೂ ಸೊನ್ನೆ ಬಂದರೆ ಕಾಗದ ಬರೆದು ಹೊರಗೆ ಬನ್ನಿ. ಸುಮ್ನೆ ಹೋಗೋದು ನಿಲ್ಲಿಸಬೇಡಿ. ಸಾಲ ಇರುವ ಸಂಘದಲ್ಲಂತೂ ಬಾಕಿ ತೀರಿಸಿ, ಉಳಿತಾಯ ವಾಪಸ್ ಪಡೆದು, ಪುಸ್ತಕದಲ್ಲಿ ಬರೆಸಿಕೊಂಡೇ ಬರಬೇಕು. ಊರು ಚಿಕ್ಕದು, ಅಶೋಕ ರಸ್ತೆಯಲ್ಲಿ ದಿನಾ ಮುಖ ನೋಡಬೇಕು.

ನಿಟ್ಟುವಳ್ಳಿಯ ಗೆಳತಿ ಕೊನೆಗೆ ಒಂದು ಫಾರಂ ತುಂಬಿದಳು, ಎರಡನ್ನು ನನ್ನ ಮನೆಯಲ್ಲೇ ಬಿಟ್ಟುಹೋದಳು. ಹಿಂಭಾಗ ಖಾಲಿ ಇತ್ತು, ರೊಟ್ಟಿ ಆರ್ಡರು ಬರೆಯೋಕೆ ಬಳಸಿಕೊಂಡೆ. ಅವಳು ಸೇರಿದ್ದು ನಮ್ಮ ಸಂಘಕ್ಕೇ. ಗುರುವಾರ ಅವಳ ಮೊದಲ ಸಭೆ. ಈ ತಿಂಗಳ ಪುಸ್ತಕದ ಸರದಿ ನನ್ನದು, ಮುಂದಿನ ತಿಂಗಳದ್ದು ಅವಳದು ಅಂತ ಆಗಲೇ ಹೇಳಿಟ್ಟಿದ್ದೇನೆ. ಅಸಲು ಯಾವ ಕಾಲಂ, ಬಡ್ಡಿ ಯಾವ ಕಾಲಂ ಅಂತ ಗುರುವಾರವೇ ತೋರಿಸಬೇಕು.